ಚಿಗವ್ವ ಓಡಿಸಿದ ಜೀಪು

ಹೋದ ತಿಂಗಳು ಬಂಕಾಪುರದ ಹತ್ತಿರ ನಮ್ಮ ಕಾರು ಪಂಕ್ಚರ್ ಆಗಿ ರಸ್ತೆ ಬದಿಯ ಅಂಗಡಿಯೊಂದರ ಮುಂದೆ ನಿಂತಿತು. ಅಂಗಡಿಯವನು ಹಳೆಯ ತಾಟಿನಲ್ಲಿ ಚಿಮಣಿ ಎಣ್ಣೆ ಸುರಿದುಕೊಂಡು ಯಾವುದೋ ಬೇರಿಂಗು ತೊಳೆಯುತ್ತಿದ್ದ. ಆ ಎಣ್ಣೆಗೆ ಹಳೆಯ ಗ್ರೀಸಿನ ವಾಸನೆ ಬೆರೆತು ಮೂಗಿಗೆ ಬಂತು. ಬೇರೆಯವರಿಗೆ ಅದು ಗ್ಯಾರೇಜಿನ ವಾಸನೆ. ನನಗೆ ಸವಣೂರಿನ ನಮ್ಮ ಹಿತ್ತಲಿನ ವಾಸನೆ. ಬೇವಿನ ನೆರಳಿನಲ್ಲಿ ಒಬ್ಬಳೇ ಕುಳಿತು ಒಳಗೊಳಗೇ ಉರಿದುಕೊಂಡ ಮಧ್ಯಾಹ್ನಗಳ ವಾಸನೆ. ಈಗ ಆ ಹಿತ್ತಲೂ ಇಲ್ಲ, ಬೇವೂ ಇಲ್ಲ. ಮನೆ ಪಾಲಾದ ಮೇಲೆ ಅಲ್ಲಿ ಮಳಿಗೆಗಳು ಎದ್ದಿವೆ. ನಿಮಗೂ ಎಲ್ಲೋ ಇಂಥ ಒಂದು ಹಿತ್ತಲು ಇದ್ದೀತು, ಇವತ್ತು ಹೋಗಿ ನಿಂತರೆ ಗುರುತೇ ಸಿಗದಂಥದು.

ಚನ್ನಪ್ಪ ಕಾಕಾ ನನ್ನ ಅಪ್ಪನ ತಮ್ಮ. ಎಲೆಬಳ್ಳಿ ತೋಟ ನೋಡಿಕೊಳ್ಳುವುದು ಅವನ ಕೆಲಸ, ಆದರೆ ಜೀವವೆಲ್ಲ ಇದ್ದದ್ದು ಗಾಡಿಗಳಲ್ಲಿ. ಅವನು ಸಂತೆಗೆ ಹೊರಟರೆ ಸೈಕಲ್ಲಿನ ಮುಂದೆ ನಾನು; ಖಾರದ ಪೊಟ್ಟಣ ಬಿಚ್ಚಿದರೆ ಮೊದಲ ಹಿಡಿ ನನಗೆ. ನಾನಿನ್ನೂ ಕನ್ನಡ ಶಾಲೆಗೆ ಹೋಗುತ್ತಿದ್ದಾಗ, ಹಾನಗಲ್ಲಿನ ಕಟ್ಟಿಗೆ ವ್ಯಾಪಾರಿಯೊಬ್ಬರು ಮೂಲೆಗೆ ತಳ್ಳಿದ್ದ ಜೀಪೊಂದನ್ನು ಕಾಕಾ ಕೊಂಡು, ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬಂದ. ತಳವೆಲ್ಲ ತುಕ್ಕು ಹಿಡಿದು ಉದುರುತ್ತಿತ್ತು. ಸೀಟಿನೊಳಗೆ ಇಲಿ ಮರಿ ಹಾಕಿತ್ತು. ನಾಲ್ಕೂ ಗಾಲಿ ಎಳೆಯುವ ಗಾಡಿ ಇದು, ಎರೆಹೊಲದ ಕೆಸರಿನಲ್ಲೂ ಹಳ್ಳದಲ್ಲೂ ಹೋಗುತ್ತದೆ ಎಂದು ಅವನು ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ. ತಯಾರಾದ ದಿನ ಮುಂದಿನ ಸೀಟಿನಲ್ಲಿ ಕೂರುವವಳು ನೀನೇ ಎಂದು ನನಗೆ ಮಾತು ಕೊಟ್ಟ. ಅಂದಿನಿಂದ ತೋಟದಿಂದ ಬಂದವನು ಕಾಲು ಕೂಡ ತೊಳೆಯದೆ ಹಿತ್ತಲಿಗೆ ಹೋಗುತ್ತಿದ್ದ. ಗೋಣಿತಟ್ಟಿನ ಮೇಲೆ ನಟ್ಟು ಬೋಲ್ಟುಗಳನ್ನು ಹರವಿಕೊಂಡು ಕೂತನೆಂದರೆ ನಾನು ಕೂಗಿದ್ದೂ ಕೇಳಿಸುತ್ತಿರಲಿಲ್ಲ. ಒಂದು ತುಕ್ಕು ಕಬ್ಬಿಣದ ಮೇಲೆ ನನಗೆ ಹೊಟ್ಟೆಕಿಚ್ಚು ಹುಟ್ಟಿತು.

ಮರುವರ್ಷ ಕಾಕಾನ ಮದುವೆಯಾಗಿ ಹಿರೇಕೆರೂರು ಕಡೆಯಿಂದ ಗಿರಿಜಾ ಚಿಗವ್ವ ಬಂದಳು. ಹೆಂಡತಿ ಬಂದರೆ ಜೀಪಿನ ಹುಚ್ಚು ಬಿಟ್ಟೀತು ಎಂದು ಅವ್ವ ಹೇಳಿದ್ದರಿಂದ, ಆ ಮದುವೆಯಲ್ಲಿ ನನ್ನಷ್ಟು ಕುಣಿದವರು ಯಾರೂ ಇಲ್ಲ. ಆದರೆ ಚಿಗವ್ವ ಗಂಡುಮಕ್ಕಳಿಲ್ಲದ ಮನೆಯ ಹಿರಿಮಗಳು. ತವರಿನಲ್ಲಿ ಟ್ರ್ಯಾಕ್ಟರ್ ಕೆಟ್ಟರೆ ಅಪ್ಪನ ಜೊತೆ ಅಂಗಳದಲ್ಲೇ ಬಿಚ್ಚಿ ಜೋಡಿಸಿದವಳು. ಒಂದು ಸಂಜೆ ಕಾಕಾನಿಗೆ ಚಹಾ ಕೊಡಲು ಹಿತ್ತಲಿಗೆ ಹೋದವಳು ಎಷ್ಟು ಹೊತ್ತಾದರೂ ಮರಳಲಿಲ್ಲ. ಹೋಗಿ ನೋಡಿದರೆ ಚಹಾ ಆರಿ ಕೆನೆಗಟ್ಟಿತ್ತು. ಇಬ್ಬರೂ ಜೀಪಿನ ಕೆಳಗೆ ಮಲಗಿದ್ದರು. ಪಾದಗಳಷ್ಟೇ ಹೊರಗೆ ಕಾಣುತ್ತಿದ್ದವು, ಅವಳ ಬೆರಳಲ್ಲಿ ಹೊಸ ಕಾಲುಂಗುರ.

"ಸ್ಪ್ರಿಂಗಿನ ಪಾಟಾಕ್ಕ ಇನ್ನೊಂದು ಪಟ್ಟಿ ಸೇರಸ್ರಿ, ಗಾಡಿ ಮ್ಯಾಲೆ ಏಳತೈತಿ," ಎನ್ನುತ್ತಿದ್ದಳು ಚಿಗವ್ವ. "ಇಲ್ಲಾಂದ್ರ ಹಳ್ಳದಾಗ ಹೊಟ್ಟಿ ಬಡಿತೈತಿ."

ಕಾಕಾ ನಕ್ಕ. ಆ ನಗು ನಾನು ಅದುವರೆಗೆ ಕೇಳಿರಲಿಲ್ಲ. ಅಲ್ಲಿಂದ ಮುಂದೆ ಎಲ್ಲವನ್ನೂ ಇಬ್ಬರೂ ಕೂಡಿಯೇ ಮಾಡಿದರು. ಗಾಡಿ ಎತ್ತರವಾಯಿತು, ದಪ್ಪ ಟೈರು ಬಂದವು, ಹಳ್ಳದ ನೀರು ಎಂಜಿನ್ನಿಗೆ ನುಗ್ಗದಂತೆ ಗಾಳಿ ಎಳೆಯುವ ಕೊಳವೆ ಟಾಪಿನವರೆಗೆ ಏರಿತು. ನಾನು ಹೋಗಿ ನಿಂತರೆ ಚಿಗವ್ವ ಪಕ್ಕದಲ್ಲಿ ಕೂಡಿಸಿಕೊಂಡು ಗ್ರೀಸು ಹಚ್ಚಲು ಕೊಡುತ್ತಿದ್ದಳು, ಸಂಜೆ ನನ್ನ ಕೈಯನ್ನು ತಾನೇ ಉಜ್ಜಿ ತೊಳೆಯುತ್ತಿದ್ದಳು. ಅವಳು ಒಳ್ಳೆಯವಳಾಗಿದ್ದದ್ದೇ ನನಗೆ ಕಷ್ಟವಾಯಿತು. ಕೆಟ್ಟವಳಾಗಿದ್ದರೆ ಅವ್ವನ ಹತ್ತಿರ ಹೇಳಿಕೊಂಡಾದರೂ ಅಳಬಹುದಿತ್ತು.

ಮುಂಗಾರು ಶುರುವಾದಾಗ ಜೀಪು ತಯಾರಾಯಿತು. ಹತ್ತಿಮತ್ತೂರಿನ ಕಡೆಯ ಎರೆದಾರಿಯಲ್ಲಿ ಓಡಿಸಿ ನೋಡೋಣವೆಂದು ಹೊರಟೆವು. ಕಾಕಾ ಮಾತಿಗೆ ತಪ್ಪಲಿಲ್ಲ. ಹೊಸ ಲಂಗ ತೊಟ್ಟು ಮುಂದೆ ಕುಳಿತವಳು ನಾನು, ಹಿಂದೆ ಕಂಬಿ ಹಿಡಿದು ಕುಳಿತವಳು ಚಿಗವ್ವ. ಊರು ದಾಟುವವರೆಗೆ ನನ್ನ ಮುಖ ನೀವು ನೋಡಬೇಕಿತ್ತು. ಹಳ್ಳದ ಇಳಿಜಾರಿನಲ್ಲಿ ಗಾಲಿಗಳು ಹೂತವು. ಕಾಕಾ ಎಕ್ಸಲರೇಟರ್ ಜೋರಾಗಿ ಒತ್ತಿದಷ್ಟೂ ಕೆಸರು ಹಾರಿ ಗಾಡಿ ಇನ್ನಷ್ಟು ಇಳಿಯಿತು. ಚಿಗವ್ವ ಸೀರೆ ಎತ್ತಿ ಕಟ್ಟಿಕೊಂಡು ಇಳಿದಳು, ಲಕ್ಕಿ ಗಿಡದ ಟೊಂಗೆ ಮುರಿದು ಗಾಲಿಗಳ ಕೆಳಗೆ ತುರುಕಿದಳು, ಬಂದು ಕಾಕಾನ ಪಕ್ಕ ನಿಂತಳು.

"ನೀವು ಆ ಕಡೆ ಸರೀರಿ. ನಾ ಒಂಚೂರು ನೋಡ್ತೇನಿ."

ಕಾಕಾ ಅವಳ ಮುಖ ನೋಡಿದ. ಆಮೇಲೆ ನನ್ನತ್ತ ತಿರುಗಿ, "ತಂಗಿ, ನೀ ಹಿಂದ ಕುಂಡ್ರು" ಅಂದ.

ಚಿಗವ್ವ ಸಣ್ಣ ಗೇರಿಗೆ ಹಾಕಿ, ಒತ್ತದೆ, ಅವಸರ ಮಾಡದೆ ಬಿಟ್ಟಳು. ಕೆರೆಯಿಂದ ಎಮ್ಮೆ ಏಳುವಂತೆ ಜೀಪು ನಿಧಾನವಾಗಿ ಎದ್ದು ದಡ ಏರಿತು. ಆಗ ಕಾಕಾ ಅವಳನ್ನು ನೋಡಿದ್ದನ್ನು ನಾನು ಹಿಂದಿನಿಂದ ಕಂಡೆ. ಆ ಮೊದಲಾಗಲಿ ಆಮೇಲಾಗಲಿ ನನ್ನನ್ನು ಯಾರೂ ಹಾಗೆ ನೋಡಿಲ್ಲ. ಮನೆಗೆ ಬಂದು ಹೊಟ್ಟೆನೋವೆಂದು ಹೇಳಿ ಉಣ್ಣದೆ ಮಲಗಿದೆ. ಅಂದಿನಿಂದ ಗಾಡಿ ಓಡಿಸುವವಳು ಚಿಗವ್ವ, ಎಡಗಡೆ ಕಾಕಾ. ಸವಣೂರಿನ ಜನ ಮೊದಮೊದಲು ನಿಂತು ನೋಡಿದರು, ಆಮೇಲೆ ರೂಢಿಯಾಯಿತು. ನನಗೆ ಮಾತ್ರ ಆಗಲಿಲ್ಲ.

ಮನೆ ಪಾಲಾದಾಗ ಅವರಿಬ್ಬರೂ ಜೀಪು ತೆಗೆದುಕೊಂಡು ಶಿಗ್ಗಾಂವಿಗೆ ಹೋಗಿ, ಗೊಟಗೋಡಿ ದಾರಿಯ ಹೊಲದಲ್ಲಿ ಮನೆ ಕಟ್ಟಿಕೊಂಡರು. ಮಕ್ಕಳಾಗಲಿಲ್ಲ. ಪ್ರತಿ ಬೇಸಿಗೆ ಗಾಡಿಗೆ ಏನಾದರೊಂದು ಹೊಸದು ಮಾಡುತ್ತಿದ್ದರು. ನನ್ನ ಗಂಡ ಒಳ್ಳೆಯವರು. ಆದರೆ ನಮ್ಮಿಬ್ಬರ ಮಾತು ಮಕ್ಕಳ ಶಾಲೆ, ನಲ್ಲಿಯ ನೀರು ಮುಗಿದರೆ ಮುಗಿಯಿತು. ಶಿಗ್ಗಾಂವಿಗೆ ಹೋದಾಗಲೆಲ್ಲ, ಅರ್ಧ ತೊಳೆದ ಕೈಯಲ್ಲಿ ಒಂದೇ ತಾಟಿನಲ್ಲಿ ಉಣ್ಣುತ್ತಾ ಕ್ಲಚ್ಚಿನ ವಿಷಯಕ್ಕೆ ಜಗಳವಾಡುವ ಅವರನ್ನು ನೋಡಲಾರದೆ ಬೇಗ ಎದ್ದು ಬರುತ್ತಿದ್ದೆ. ಹೋದ ಮಳೆಗಾಲದಲ್ಲಿ ಜ್ವರವೆಂದು ಮಲಗಿದ ಚಿಗವ್ವ ಮತ್ತೆ ಏಳಲಿಲ್ಲ.

ಪಂಕ್ಚರ್ ಹಾಕಿಸಿಕೊಂಡ ಮೇಲೆ ನಾನು ಗಂಡನ ಹತ್ತಿರ ಹಟ ಮಾಡಿ ಕಾರನ್ನು ಶಿಗ್ಗಾಂವಿಗೆ ತಿರುಗಿಸಿದೆ. ಕಾಕಾ ತಾನೇ ಚಹಾ ಮಾಡಿ ಕೊಟ್ಟ. ತಗಡಿನ ಕೆಳಗೆ ಜೀಪು ತೊಳೆದಿಟ್ಟಂತೆ ನಿಂತಿತ್ತು. ಭಾನುವಾರಗಳಂದು ನಾನು ಬರುತ್ತೇನೆ, ಕಲಿಸು, ಕೂಡಿ ಏನಾದರೂ ಮಾಡೋಣ ಎಂದೆ. ಅವನು ನಕ್ಕ.

"ಬ್ಯಾಡ ತಂಗಿ. ನಿನಗ ಈ ಗಾಡಿ ಸೇರಂಗಿಲ್ಲ, ಸಣ್ಣಾಕಿ ಇದ್ದಾಗಿಂದ ನನಗ ಗೊತ್ತೈತಿ," ಎಂದು ತಡೆದು, "ಗಿರಿಜಾಗೂ ಗೊತ್ತಿತ್ತು. ಆ ಹುಡುಗಿ ಜಾಗಾ ನಾ ಕಸಗೊಂಡೆ ಅಂತ ಭಾಳ ಸಲ ಅಂತಿದ್ಲು" ಅಂದ.

ಕಾಲಿಗೆ ನಮಸ್ಕರಿಸಿ ಎದ್ದೆ. ಕಾರು ಹೊಲದ ದಾರಿಗೆ ಇಳಿಯುವಾಗ ತಿರುಗಿ ನೋಡಿದರೆ, ಕಾಕಾ ಹೋಗಿ ಜೀಪು ಹತ್ತಿ ಕುಳಿತಿದ್ದ. ಎಡಗಡೆಯೇ. ಸ್ಟೇರಿಂಗಿನ ಮುಂದಿನ ಸೀಟು ಖಾಲಿಯಿತ್ತು. ಅವನು ಅತ್ತ ಮುಖ ಮಾಡಿ ಏನೋ ಹೇಳುತ್ತಿದ್ದ. ಸತ್ತು ವರ್ಷವಾಗುತ್ತ ಬಂದವಳ ಮೇಲೆ ಆ ಸಂಜೆ ನನಗಾದಷ್ಟು ಹೊಟ್ಟೆಕಿಚ್ಚು ಬದುಕಿದ್ದವರ ಮೇಲೆ ಎಂದೂ ಆಗಿಲ್ಲ. ದಾರಿಯುದ್ದಕ್ಕೂ ನಾನು ಅಳುತ್ತಲೇ ಬಂದೆ.