ಗಾಡಿ ಅವ್ವನದು, ಓಡಿಸೋದು ನಾನು

ಸ್ನೇಹಿತರೇ, ಬೈಕ್ ಇನ್ಶೂರೆನ್ಸ್ ವಿಷಯದಲ್ಲಿ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇವತ್ತು ಬೆಳಿಗ್ಗೆ ಕೌದಳ್ಳಿಯಿಂದ ಅವ್ವನನ್ನ ಹಿಂದೆ ಕೂರಿಸ್ಕೊಂಡು ಕೊಳ್ಳೇಗಾಲಕ್ಕೆ ಹೋಗಿ, ಏಜೆಂಟ್ ಮುಂದೆ ಪಟಪಟ ಅಂತ ಹೇಳಿದೆ: "ಬರೀ ಥರ್ಡ್ ಪಾರ್ಟಿ ಬೇಡ. ನಮ್ಮ ಗಾಡಿ ಡ್ಯಾಮೇಜೂ ಸೇರಲಿ. ಓಡಿಸೋ ನನಗೆ ಅಪಘಾತ ವಿಮೆನೂ ಹಾಕಿ."

ಅವರು ಆರ್‌ಸಿ ನೋಡಿದರು. "ಸಾರ್, ಆ ವಿಮೆ ಓನರ್‌ಗೆ ಮಾತ್ರ. ಅದೂ ಲೈಸೆನ್ಸ್ ಇದ್ರೆ. ಇಲ್ಲಿ ಓನರ್ ನಿಮ್ಮ ತಾಯಿ."

ನಿಜ. ಗಾಡಿ ತಗೊಳ್ಳುವಾಗ ಶಾಸ್ತ್ರ ಕೇಳಿದ್ವಿ. ನನ್ನ ಹೆಸರಿಗೆ ಆಗಿಬರಲ್ಲ, ಅವ್ವನ ಹೆಸರಿಗೆ ಆಗಿಬರುತ್ತೆ ಅಂದಿದ್ರು. ಅವ್ವ ಇವತ್ತಿನವರೆಗೆ ಹ್ಯಾಂಡಲ್ ಮುಟ್ಟಿರಲಿಲ್ಲ.

"ಆರ್‌ಸಿ ನನ್ನ ಹೆಸರಿಗೆ ಮಾಡ್ಸಿಬಿಡೋಣ ಕಣವ್ವ" ಅಂದೆ.

"ಯಾಕ್ಲಾ? ಜಮೀನು ನಿಮ್ಮಪ್ಪನ ಎಸ್ರಲ್ಲಿ ಅದೆ. ಮನೆ ನಿನ್ ಎಸ್ರಲ್ಲಿ ಅದೆ. ನನ್ ಎಸ್ರಲ್ಲಿರದು ಇದೊಂದೆಯ. ಬುಟ್ಕೊಡಾಕಿಲ್ಲ."

ಆಮೇಲೆ ಏಜೆಂಟ್ ಕಡೆ ತಿರುಗಿ ಕೇಳಿದಳು: "ಆ ಲೈಸೆನ್ಸು ಎಲ್ಲಿ ಮಾಡ್ಸದು ಸಾ?"

ಸಂಜೆ ಮನೆ ಹಿಂದಿನ ಕಣದಲ್ಲಿ ಅವ್ವ ಸೆರಗು ಸೊಂಟಕ್ಕೆ ಸಿಕ್ಕಿಸ್ಕೊಂಡು ಮೊದಲ ಸಲ ಗೇರ್ ಹಾಕಿದಳು. ನಾನು ಹಿಂದೆ ಕೂತಿದ್ದೆ.

ಹಿಂದೆ ಕೂರೋರಿಗೆ ಯಾವ ವಿಮೆ ಒಳ್ಳೇದು, ಗೊತ್ತಿರೋರು ಸ್ವಲ್ಪ ಬೇಗ ಹೇಳಿ.