ಎರಡು ಗಂಟಿನ ತುಂಡು

ಅಕ್ಕ ಚೆನ್ನಾಗಿದ್ದ ಕೊನೆಯ ದಿನ ಕರಿ, ಅಂದರೆ ಯುಗಾದಿಯ ಮರುದಿನ. ಮಕ್ತಲ್‌ನ ನಮ್ಮ ಅಂಗಳದಲ್ಲಿ ಕುಳಿತು, ತೊಳೆದ ಕುರಿಯ ಕರುಳಿಗೆ ಬಾಯಿಟ್ಟು ಊದುತ್ತಿದ್ದಳು. ಊದಿದರೆ ಎಲ್ಲಿ ತೂತಿದೆ ಎಂದು ತಿಳಿಯುತ್ತದೆ. ಇಲ್ಲವಾದರೆ ತುಂಬಿದ ಖೈಮಾ, ಅಂದರೆ ಸಣ್ಣಗೆ ಕೊಚ್ಚಿದ ಮಾಂಸ, ಕುದಿಯುವಾಗ ಹೊರಗೆ ಬರುತ್ತದೆ. ಗಂಡನ ಊರು ಗದ್ವಾಲಿಗೆ ವಾಪಸಾದವಳು ಎದೆನೋವೆಂದು ಮಲಗಿ ಏಳಲೇ ಇಲ್ಲ. ಅಷ್ಟು ಗಾಳಿಯಿದ್ದ ಎದೆ ಅದು.

ಇದನ್ನೆಲ್ಲ ನಿಮಗೆ ಹೇಳಬೇಕೆನಿಸಿದ್ದು ಇವತ್ತು ಒಲೆಯ ಹಿಂದೆ ಸಿಕ್ಕ ಬಿಳಿ ನೂಲಿನ ಉಂಡೆಯಿಂದ.

ಹಬ್ಬದ ದಿನ ಹೋಳಿಗೆ ತಿಂದು ಸಾಧುಗಳಾಗಿರುವ ನಾವು ಕರಿಯ ಬೆಳಿಗ್ಗೆ ನಮ್ಮ ನಿಜರೂಪಕ್ಕೆ ಬರುತ್ತೇವೆ. ಖೈಮಾಕ್ಕೆ ಬೆಳ್ಳುಳ್ಳಿ, ಕೊತ್ತಂಬರಿ ಕಲಸಿ, ಕರುಳಿಗೆ ತುಂಬಿ, ಗೇಣಿಗೊಂದರಂತೆ ನೂಲು ಕಟ್ಟಿ ಬೇಯಿಸುವುದು. ಆಮೇಲೆ ಗಂಟು ಬಿಚ್ಚದೆ ಕತ್ತರಿಸಿ, ಹಂಚಿನ ಮೇಲೆ ಕೆಂಪಗೆ ಹುರಿದು, ಜೋಳದ ರೊಟ್ಟಿಯ ಜೊತೆ ನಾಷ್ಟಾ. ಅಕ್ಕ ತುಂಬುವವಳು, ನಾನು ಲಾಳಿಕೆ ಹಿಡಿಯುವವನು. ಅದಕ್ಕಿಂತ ದೊಡ್ಡ ಕೆಲಸವನ್ನು ಮನೆಯಲ್ಲಿ ಯಾರೂ ನನಗೆ ಒಪ್ಪಿಸಿರಲಿಲ್ಲ.

ಕಟ್ಟುವ ನೂಲು ನಾರಾಯಣಪೇಟೆಯ ಮಗ್ಗದವರ ಮನೆಯಿಂದ ಬರುತ್ತಿತ್ತು. ಒಂದು ವರ್ಷ ಬಿಳಿಯದು ಮುಗಿದು, ಸೀರೆಗೆಂದು ಬಣ್ಣ ಹಾಕಿದ್ದ ಹಸಿರು ನೂಲಿನಲ್ಲೇ ಕಟ್ಟಿದಳು. ಮುಚ್ಚಳ ತೆಗೆದರೆ ಮಾಂಸವೆಲ್ಲ ಗಿಳಿಯ ಬಣ್ಣ. ಪಕ್ಕದ ಮನೆಯವರು ಅನುಮಾನದಿಂದ ನೋಡಿದಾಗ ಅಕ್ಕ ನಗದೆ, "ಕೊತ್ತಂಬರಿ ಸ್ವಲ್ಪ ಜಾಸ್ತಿ ಆಗೇತ್ರಿ" ಎಂದಳು. ಅವರು ಇನ್ನೆರಡು ಹಾಕಿಸಿಕೊಂಡರು.

ಅವಳ ಅಸಲು ಕಿತಾಪತಿ ಇದಲ್ಲ. ಪ್ರತಿವರ್ಷ ಒಂದು ತುಂಡಿನಲ್ಲಿ ಖೈಮಾ ಹೆಸರಿಗಷ್ಟೇ, ಉಳಿದದ್ದೆಲ್ಲ ಹಸಿಮೆಣಸಿನಕಾಯಿ. ಗುರುತಿಗೆ ಎರಡು ಗಂಟು. ಅದು ಅವಳ ಗಂಡನ ತಟ್ಟೆಗೆ. ಭಾವ ಮೊದಲು ಅದನ್ನೇ ಕಚ್ಚಿ, ಕಣ್ಣು ಮೂಗು ಸುರಿಸುತ್ತ ನೀರಿನ ಚೊಂಬು ಹುಡುಕುವರು. ಅಕ್ಕ ಬಾಗಿಲ ಹಿಂದೆ ಸೆರಗು ಬಾಯಿಗಿಟ್ಟುಕೊಂಡು ನಗುವಳು. ಇಷ್ಟು ವರ್ಷವಾದರೂ ಬುದ್ಧಿ ಕಲಿಯದ ಮನುಷ್ಯ ಎಂದು ನಾನು ಒಳಗೊಳಗೇ ಮರುಗುತ್ತಿದ್ದೆ.

ಅಕ್ಕ ಹೋದ ಮೇಲೆ ಭಾವ ನಮ್ಮ ಮನೆಗೆ ಬಂದಿರಲಿಲ್ಲ. ಕರೆದರೆ ಹೂಂ ಅನ್ನುವರು, ಬರುತ್ತಿರಲಿಲ್ಲ. ಹೀಗೇ ಬಿಟ್ಟರೆ ನಂಟು ಹರಿದೇ ಹೋಗುತ್ತದೆಂದು ಹೆದರಿ, ಈ ಸಲ ಕರಿಯ ಅಡಿಗೆ ನಾನೇ ಮಾಡುತ್ತೇನೆ, ಬರಲೇಬೇಕು ಎಂದೆ. ಜೂರಾಲ ಅಣೆಕಟ್ಟು ದಾಟಿದೆ ಎಂದು ಅವರ ಫೋನ್ ಬಂದಾಗ ನಾನು ಕರುಳು ಊದಿ ತಲೆಸುತ್ತಿ ಕುಳಿತಿದ್ದೆ. ಲಾಳಿಕೆ ಹಿಡಿಯುವವರಿಲ್ಲದೆ ಖೈಮಾ ಅರ್ಧ ಕರುಳಿಗೆ ಹೋಯಿತು, ಅರ್ಧ ನನ್ನ ಅಂಗಿಗೆ. ಮೆಣಸಿನಕಾಯಿ ಕೈಗೆತ್ತಿಕೊಂಡವನು, ನೊಂದವರ ಜೊತೆ ಹುಡುಗಾಟ ಬೇಡವೆಂದು ಕೆಳಗಿಟ್ಟೆ. ಎಲ್ಲದಕ್ಕೂ ಒಂದೇ ಗಂಟು.

ಭಾವ ಬಂದು ಕುಳಿತರು. ತಟ್ಟೆಯಲ್ಲಿದ್ದ ತುಂಡುಗಳನ್ನು ಹೊರಳಿಸಿ ಹೊರಳಿಸಿ ಗಂಟು ನೋಡಿದರು.

"ಎರಡು ಗಂಟಿಂದು ಎಲ್ಲೈತೋ?"

"ನಿಮಗ ಗೊತ್ತಿತ್ತೇನ್ರೀ ಭಾವ?"

"ಮದುವಿ ಆದ ವರ್ಷದಿಂದ ಗೊತ್ತೈತಿ. ನಾ ತಿನ್ನಲಿಲ್ಲಂದ್ರ ಆಕಿ ನಗಾಕ ಏನು ಮಾಡಬೇಕಿತ್ತು?"

ಆಮೇಲೆ ರೊಟ್ಟಿ ಮುರಿದು ಎಲ್ಲವನ್ನೂ ತಿಂದರು. ಮುಂದಿನ ಕರಿಗೆ ಮೆಣಸಿನಕಾಯಿ ತಾವೇ ತರುತ್ತಾರಂತೆ; ನನ್ನ ಮೇಲೆ ನಂಬಿಕೆಯಿಲ್ಲವಂತೆ.

ಅದಕ್ಕೇ ಒಲೆಯ ಹಿಂದೆ ಸಿಕ್ಕ ಈ ನೂಲನ್ನು ಗೂಡಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಎರಡು ಗಂಟು ಹಾಕಲು ನನಗೂ ಬರುತ್ತದೆ. ಬಾಗಿಲ ಹಿಂದೆ ನಿಂತು ನಗುವವಳು ಇಲ್ಲ.