ಎಣ್ಣೆಯ ಪೊರೆ ಅಳೆದವಳು

ವಾಡಿ ಹತ್ತಿರದ ಸುಣ್ಣಕಲ್ಲು ಪುಡಿ ಮಾಡುವ ಕಾರ್ಖಾನೆಯಲ್ಲಿ ಗುರುದೇವಿಯ ಕೆಲಸ ಕಣ್ಣಿಗೆ ಕಾಣದ್ದನ್ನು ಅಳೆಯುವುದು. ದೊಡ್ಡ ಗಿರಣಿಯ ಬೇರಿಂಗಿನೊಳಗೆ, ಉರುಳುವ ರೋಲರಿಗೂ ಸುತ್ತಲಿನ ಉಕ್ಕಿನ ಬಳೆಗೂ ನಡುವೆ, ಎಣ್ಣೆಯ ಪೊರೆಯೊಂದು ಇರುತ್ತದೆ. ಕೂದಲಿನ ನೂರನೇ ಪಾಲಿಗಿಂತ ತೆಳು. ಹೊರಗೆ ಅಂಟಿಸಿದ ಸೆನ್ಸರ್ ಶಬ್ದದ ತರಂಗ ಕಳಿಸಿ, ಮರಳಿ ಬಂದಷ್ಟರಿಂದ ಪೊರೆಯ ದಪ್ಪ ಹೇಳುತ್ತದೆ. ಪೊರೆ ಹರಿದರೆ ಉಕ್ಕಿಗೆ ಉಕ್ಕು ತಿಕ್ಕಿ ಬೇರಿಂಗ್ ಒಡೆಯುತ್ತದೆ. ಹೋದ ವರ್ಷ ಹಾಗೆ ಒಡೆದು ಹಾರಿದ ಚೂರು ಒಬ್ಬ ಕೂಲಿಯ ಕಣ್ಣು ತೆಗೆದಿತ್ತು.

ಮಾರ್ಚಿನಲ್ಲಿ ಅಳತೆ ಏಕಾಏಕಿ ಸೊನ್ನೆಗೆ ಬಿತ್ತು. ಗುರುದೇವಿ ಓಡಿಹೋಗಿ ಗಿರಣಿ ನಿಲ್ಲಿಸುವ ಹಗ್ಗ ಎಳೆದಳು. ಬಿಚ್ಚಿ ನೋಡಿದರೆ ಬೇರಿಂಗ್ ಸರಿಯಿತ್ತು. ಬಿಸಿಲಿಗೆ ಸೆನ್ಸರಿನ ಅಂಟು ಬಿಟ್ಟಿತ್ತು.

"ಇನ್ನೊಮ್ಮಿ ಹಗ್ಗ ಮುಟ್ಟಿದ್ರ ಗೇಟಿನ ಹೊರಗ!" ಎಂದ ಮ್ಯಾನೇಜರ್, ಎಲ್ಲರ ಮುಂದೆ. ಶಹಾಬಾದಿನ ಅವಳ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಮೇ ತಿಂಗಳಲ್ಲಿ ಅಳತೆ ಮತ್ತೆ ಇಳಿಯತೊಡಗಿತು. ಈ ಸಲ ಒಮ್ಮೆಲೇ ಅಲ್ಲ, ದಿನಕ್ಕಿಷ್ಟು. ಅವಳು ಅಂಟು ಕೆರೆದು ಹೊಸದು ಹಚ್ಚಿದಳು, ವೈರ್ ಬದಲಿಸಿದಳು. ಇಳಿತ ನಿಲ್ಲಲಿಲ್ಲ. ಮ್ಯಾನೇಜರನ ಕೋಣೆಗೆ ಹೋದಳು.

"ಸರ್, ಎಣ್ಣಿ ಕಾದು ನೀರಾಗ್ಯಾದ್ರಿ. ಬಂದ್ ಮಾಡ್ರಿ."

"ಗಿರಣಿ ಆವಾಜ್ ಮಾಡ್ಲಿಕತ್ತದೇನು?"

"ಇಲ್ರೀ. ಆವಾಜ್ ಬರೋತನಕ ಕಾದ್ರ ಮುಗೀತ್ರಿ."

"ನಿನ್ನಿಂದ ಒಮ್ಮಿ ಗಿರಣಿ ನಿಂತಿದ್ದೇ ಭಾಳ ಆಗ್ಯಾದ. ಹೋಗು."

ಹೊರಗೆ ಬಂದಾಗ ಅವಳಿಗೆ ತನ್ನ ಮೇಲೇ ನಂಬಿಕೆ ಇರಲಿಲ್ಲ. ಮತ್ತೆ ಅಂಟೇ ಆಗಿದ್ದರೆ? ಗಿರಣಿಯ ಬುಡದಲ್ಲಿ ಹಿರಿಯ ಕೆಲಸಗಾರ ಮೌಲಾಲಿ ಬಗ್ಗಿ ಗ್ರೀಸ್ ಹಚ್ಚುತ್ತಿದ್ದ.

"ಚಾಚಾ, ಹೊರಗ ಬರ್ರಿ!"

"ಸಾಹೇಬ್ರು ಹೇಳ್ಯಾರೇನು ಬೇಟಿ?" ಎಂದು ಅವನು ಮತ್ತೆ ಬಗ್ಗಿದ.

ಸೆನ್ಸರಿನ ಪರದೆಯಲ್ಲಿ ಅಂಕಿ ಸೊನ್ನೆ ಮುಟ್ಟಿತು. ಅವಳು ಕಣ್ಣು ಮುಚ್ಚಿ ಹಗ್ಗ ಜಗ್ಗಿದಳು.

ಗಿರಣಿ ನಿಂತಿದ್ದೇ ಓಡಿಬಂದ ಮ್ಯಾನೇಜರ್ ಅಲ್ಲೇ ಅವಳ ಗುರುತಿನ ಚೀಟಿ ಕಸಿದುಕೊಂಡ. ಗೇಟಿನಾಚೆ ಬೇವಿನ ನೆರಳಲ್ಲಿ ಅವಳು ಸಂಜೆಯವರೆಗೂ ಕೂತಳು. ಅಳತೆ ತಪ್ಪಿದ್ದರೂ ಅನ್ನ ಹೋಯಿತು, ಸರಿಯಿದ್ದರೂ ಹೋಯಿತು.

ಪಾಳಿ ಮುಗಿಸಿ ಬಂದ ಮೌಲಾಲಿ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ. "ಬಿಚ್ಚಿದ್ರು ಬೇಟಿ. ರೋಲರ್ ಎಲ್ಲಾ ಕೆರೆದು ಹೋಗ್ಯಾವ. ಉಕ್ಕಿನ ಬಳಿಗಿ ಸೀಳು ಬಿದ್ದದ."

"ಸಾಹೇಬ್ರು ಏನಂದ್ರು?"

"ಹೊಸಾ ಬೇರಿಂಗ್ ತರ್ಸ್ರಿ ಅಂದ್ರು."

ಅವಳನ್ನು ಯಾರೂ ಮರಳಿ ಕರೆಯಲಿಲ್ಲ. ಈಗ ಚಿತ್ತಾಪುರದ ಅಂಗಡಿಯೊಂದರಲ್ಲಿ ಅರ್ಧ ಸಂಬಳಕ್ಕೆ ಪಂಪ್‌ಸೆಟ್ ರಿಪೇರಿ ಮಾಡುತ್ತಾಳೆ. ಗಿರಣಿಯ ಹೊಸ ಬೇರಿಂಗಿಗೆ ಸೆನ್ಸರ್ ಅಂಟಿಸಿಲ್ಲ. ಮೌಲಾಲಿ ಇನ್ನೂ ಅದರ ಬುಡದಲ್ಲೇ ಕೆಲಸ ಮಾಡುತ್ತಾನೆ.